ಅರ್ದೇಶಿರ್ ಗೋದ್ರೇಜ್

ಅರ್ದೇಶಿರ್ ಬುರ್ಜೋರ್ಜಿ ಗೋದ್ರೇಜ್ (೧೮೬೮–೧೯೩೬) ಭಾರತದ ಆಧುನಿಕ ಬೀಗ ಮತ್ತು ತಿಜೋರಿ ಉದ್ಯಮದ ಪ್ರವರ್ತಕರು, ಸಂಶೋಧಕರು ಹಾಗೂ 'ಗೋದ್ರೇಜ್ ಅಂಡ್ ಬಾಯ್ಸ್' ಸಂಸ್ಥೆಯ ಸ್ಥಾಪಕರು. ಕರ್ನಾಟಕದ ಅನೇಕ ಮನೆಗಳಲ್ಲಿ ಉಕ್ಕಿನ ಕಪಾಟನ್ನು, ಅದು ಯಾವ ಕಂಪನಿಯದಾದರೂ, 'ಗೋದ್ರೇಜ್' ಎಂದೇ ಕರೆಯುವ ರೂಢಿಯಿದೆ. ಆ ಹೆಸರು ಒಬ್ಬ ವ್ಯಕ್ತಿಯದೆಂಬುದು ಬಳಸುವವರಲ್ಲಿ ಹಲವರಿಗೆ ತಿಳಿದಿರುವುದಿಲ್ಲ.

ಆರಂಭಿಕ ಜೀವನ

ಅರ್ದೇಶಿರ್ ಅವರು ೧೮೬೮ರ ಮಾರ್ಚ್ ೨೬ರಂದು ಮುಂಬಯಿಯ ಪಾರ್ಸಿ ಕುಟುಂಬವೊಂದರಲ್ಲಿ ಬುರ್ಜೋರ್ಜಿ ಮತ್ತು ದೋಸಿಬಾಯಿ ದಂಪತಿಗಳ ಹಿರಿಯ ಮಗನಾಗಿ ಜನಿಸಿದರು. ೧೮೯೦ರಲ್ಲಿ ಬಚುಬಾಯಿಯವರೊಂದಿಗೆ ವಿವಾಹವಾಯಿತು. ಮರುವರ್ಷ ಏಪ್ರಿಲ್ ತಿಂಗಳಲ್ಲಿ ಆಕೆ ಮುಂಬಯಿಯ ರಾಜಾಬಾಯಿ ಗೋಪುರದಿಂದ ಬಿದ್ದು ಮೃತಪಟ್ಟರು. ಅರ್ದೇಶಿರ್ ಮತ್ತೆ ಮದುವೆಯಾಗಲಿಲ್ಲ; ಅವರಿಗೆ ಮಕ್ಕಳೂ ಇರಲಿಲ್ಲ.

ಕಾನೂನು ಪದವಿ ಪಡೆದು ೧೮೯೪ರಲ್ಲಿ ಮೊಕದ್ದಮೆಯೊಂದರ ಸಲುವಾಗಿ ಪೂರ್ವ ಆಫ್ರಿಕದ ಜಾಂಜಿಬಾರಿಗೆ ತೆರಳಿದರು. ಕಕ್ಷಿದಾರನ ಪರವಾಗಿ ಸತ್ಯವನ್ನು ತಿರುಚಿ ವಾದಿಸಬೇಕಾದ ಸಂದರ್ಭ ಬಂದಾಗ ಅವರು ಒಪ್ಪಲಿಲ್ಲ. ವಕೀಲಿ ವೃತ್ತಿ ಅಲ್ಲಿಗೇ ಮುಗಿಯಿತು.

ಮೊದಲ ಸೋಲು

ಮುಂಬಯಿಗೆ ಮರಳಿದ ಅರ್ದೇಶಿರ್, ಕುಟುಂಬದ ಹಿತೈಷಿ ಮೇರ್ವಾನ್ಜಿ ಕಾಮಾ ಅವರಿಂದ ಸುಮಾರು ೩೦೦೦ ರೂಪಾಯಿ ಸಾಲ ಪಡೆದು ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ತಯಾರಿಸತೊಡಗಿದರು. ಕೊಳ್ಳಲು ಬಂದವರು ಗುಣಮಟ್ಟವನ್ನು ಒಪ್ಪಿಕೊಂಡರಾದರೂ, ಅವುಗಳ ಮೇಲೆ 'ಭಾರತದಲ್ಲಿ ತಯಾರಾದುದು' ಎಂಬ ಮುದ್ರೆ ಇರಕೂಡದೆಂದು ಷರತ್ತು ಹಾಕಿದರು. ಮುದ್ರೆಯಿಲ್ಲದೆ ಮಾರಲು ಅರ್ದೇಶಿರ್ ಸಿದ್ಧರಿರಲಿಲ್ಲ. ವ್ಯಾಪಾರ ನಿಂತುಹೋಯಿತು. ಜಾಂಜಿಬಾರಿನ ಪ್ರಸಂಗಕ್ಕೂ ಇದಕ್ಕೂ ಇರುವ ಹೋಲಿಕೆಯನ್ನು ಓದುಗರು ಗಮನಿಸಬಹುದು. ಎರಡೂ ಕಡೆ ಅವರಿಗೆ ನಷ್ಟವನ್ನುಂಟುಮಾಡಿದ್ದು ಅಸಾಮರ್ಥ್ಯವಲ್ಲ, ಹಟ.

ಬೀಗಗಳ ತಯಾರಿಕೆ

ಮುಂಬಯಿಯಲ್ಲಿ ಮನೆಗಳ್ಳತನ ಹೆಚ್ಚುತ್ತಿದೆ, ನಾಗರಿಕರು ತಮ್ಮ ಮನೆಗಳನ್ನು ಭದ್ರಪಡಿಸಿಕೊಳ್ಳಬೇಕು ಎಂಬ ಪತ್ರಿಕಾ ಸುದ್ದಿ ಅವರ ಗಮನವನ್ನು ಬೀಗಗಳತ್ತ ಸೆಳೆಯಿತು. ಕಾಮಾ ಅವರೇ ಮತ್ತೊಮ್ಮೆ ನೆರವಾದರು. ೧೮೯೭ರ ಮೇ ತಿಂಗಳಲ್ಲಿ ಲಾಲ್‌ಬಾಗ್ ಪ್ರದೇಶದ ಗ್ಯಾಸ್ ಕಂಪನಿಯ ಬಳಿ ೨೧೫ ಚದರ ಅಡಿಯ ಚಿಕ್ಕ ಷೆಡ್ಡಿನಲ್ಲಿ ಕೆಲಸ ಆರಂಭವಾಯಿತು. ಬಾಯ್ಸ್ ಎಂಬ ಪಾಲುದಾರರು ಬಹುಬೇಗ ಹೊರನಡೆದರೂ ಅವರ ಹೆಸರು ಸಂಸ್ಥೆಯಲ್ಲಿ ಉಳಿದುಕೊಂಡಿತು.

ಆ ಕಾಲದ ಉತ್ತಮ ಬೀಗಗಳು ಬಹುಪಾಲು ಇಂಗ್ಲೆಂಡಿನಿಂದ ಬರುತ್ತಿದ್ದವು. ಇಂಥ ಬೀಗದೊಳಗೆ 'ಲಿವರ್' ಎಂಬ ತೆಳು ಲೋಹದ ಪಟ್ಟಿಗಳಿರುತ್ತವೆ. ಕೀಲಿಕೈಯ ಹಲ್ಲುಗಳು ಪ್ರತಿಯೊಂದು ಪಟ್ಟಿಯನ್ನೂ ನಿಗದಿತ ಎತ್ತರಕ್ಕೆ ಏರಿಸಿದಾಗ ಮಾತ್ರ ಅಗುಳಿ ಸರಿಯುತ್ತದೆ. ಒಂದು ಹೆಚ್ಚಾದರೂ ಕಡಿಮೆಯಾದರೂ ಸರಿಯದು. ಪಟ್ಟಿಗಳನ್ನು ಮತ್ತೆ ಕೆಳಕ್ಕೆ ತಳ್ಳುವ ಕೆಲಸ ಸ್ಪ್ರಿಂಗುಗಳದು. ತೊಂದರೆ ಇರುವುದೂ ಅಲ್ಲಿಯೇ. ಸ್ಪ್ರಿಂಗು ಸವೆಯುತ್ತದೆ, ಮುರಿಯುತ್ತದೆ, ಮುಂಬಯಿ ಮಂಗಳೂರುಗಳಂಥ ಕಡಲತೀರದ ಊರುಗಳಲ್ಲಿ ತುಕ್ಕು ಹಿಡಿಯುತ್ತದೆ. ಆಗ ಸರಿಯಾದ ಕೀಲಿಕೈಗೂ ಬೀಗ ಜಗ್ಗದು. ಅರ್ದೇಶಿರ್ ಸ್ಪ್ರಿಂಗೇ ಇಲ್ಲದ ಲಿವರ್ ಬೀಗವನ್ನು ರೂಪಿಸಿ, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅದಕ್ಕೆ ಪೇಟೆಂಟ್ ಪಡೆದರು.

ಬೀಗದ ಚರಿತ್ರೆಯಲ್ಲಿ 'ಮುರಿಯಲಾಗದು' ಎಂಬ ಘೋಷಣೆ ಅಪಾಯಕಾರಿಯಾದುದು. ಇಂಗ್ಲೆಂಡಿನ ಜೆರೆಮಯ್ಯ ಚಬ್ ೧೮೧೮ರಲ್ಲಿ ತಯಾರಿಸಿದ 'ಡಿಟೆಕ್ಟರ್' ಬೀಗ ಅಭೇದ್ಯವೆಂದು ಹೆಸರಾಗಿತ್ತು. ೧೮೫೧ರ ಲಂಡನ್ ಮಹಾಪ್ರದರ್ಶನದ ಸಮಯದಲ್ಲಿ ಅಮೆರಿಕದ ಹಾಬ್ಸ್ ಎಂಬ ಬೀಗ ತಜ್ಞ ಅದನ್ನು ಅರ್ಧ ಗಂಟೆಯೊಳಗೆ ತೆರೆದುಬಿಟ್ಟ. ಹೀಗಿದ್ದರೂ ಅರ್ದೇಶಿರ್ ತಮ್ಮ 'ಆಂಕರ್' ಬೀಗಗಳೊಂದಿಗೆ ಭರವಸೆಯ ಪತ್ರವನ್ನೇ ಕೊಡುತ್ತಿದ್ದರು. ತಪ್ಪು ಕೀಲಿಕೈ ಹಾಕಿದರೆ ಮಾಲೀಕನಿಗೆ ಸುಳಿವು ಸಿಗುವಂಥ ಬೀಗವನ್ನು ಅವರೂ ತಯಾರಿಸಿದರು. ಇನ್ನೊಂದು, 'ಗಾರ್ಡಿಯನ್ ನಾಟ್' ಕತೆಯನ್ನು ನೆನಪಿಸುವ ಹೆಸರಿನ ಬೀಗ. ಅದಕ್ಕೆ ಎರಡು ಕೀಲಿಕೈಗಳು. ಯಾವುದರಿಂದ ಬೇಕಾದರೂ ತೆರೆಯಬಹುದು. ಆದರೆ ಎರಡನೆಯದರಿಂದ ಒಳಗಿನ ಜೋಡಣೆಯನ್ನು ಬದಲಿಸಿದರೆ ಮೊದಲನೆಯದು ನಿರುಪಯೋಗಿಯಾಗುತ್ತಿತ್ತು. ಆಳುಕಾಳುಗಳ ಕೈಗೆ ಕೀಲಿಕೈ ಒಪ್ಪಿಸಬೇಕಾದ ಮನೆಗಳಲ್ಲಿ ಇದರ ಪ್ರಯೋಜನ ಸ್ಪಷ್ಟ.

ತಿಜೋರಿ

ಬೀಗದಿಂದ ಬಾಗಿಲು ಭದ್ರವಾಗುತ್ತದೆಯೇ ಹೊರತು ಮನೆಯಲ್ಲ. ೧೮೬೫ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಬಳಿಕ ಜೆಪ್ಪು, ಬೋಳಾರ ಮುಂತಾದ ನದೀತೀರದ ಭಾಗಗಳು ಹಂಚಿಗೆ ಹೆಸರಾದವು. ಪಶ್ಚಿಮ ಕರಾವಳಿಯ ಉದ್ದಕ್ಕೂ ಹಂಚಿನ ಮಾಡು ಹರಡಿತು. ನಾಲ್ಕು ಹಂಚು ಸರಿಸಿ ಒಳಗಿಳಿಯುವ ಕಳ್ಳನಿಗೆ ಬಾಗಿಲಿನ ಬೀಗ ಎಷ್ಟು ಒಳ್ಳೆಯದಾಗಿದ್ದರೇನು? ಅಂಥಲ್ಲಿ ಪೆಟ್ಟಿಗೆಯೇ ಭದ್ರವಾಗಿರಬೇಕು. ಕಳ್ಳನ ಜೊತೆಗೆ ಬೆಂಕಿಯನ್ನೂ ಅದು ತಡೆಯಬೇಕು, ಏಕೆಂದರೆ ಒಡವೆಯಷ್ಟೇ ಬೆಲೆಯುಳ್ಳ ಆಸ್ತಿಪತ್ರಗಳು ಕಾಗದದವು.

ಅರ್ದೇಶಿರ್ ತಿಜೋರಿಯ ಪ್ರಯೋಗಗಳಿಗೆ ತೊಡಗಿ ೧೯೦೨ರಲ್ಲಿ ಮಾರಾಟ ಆರಂಭಿಸಿದರು. ಮೂಲೆಗಳಲ್ಲಿನ ಜೋಡಣೆಗಳೇ ದುರ್ಬಲ ಜಾಗಗಳೆಂದು ತಿಳಿದು, ಉಕ್ಕಿನ ತಗಡನ್ನು ಬಾಗಿಸಿ ಜೋಡಣೆಗಳನ್ನು ಕಡಿಮೆ ಮಾಡಿದರು. ೧೯೪೪ರ ಏಪ್ರಿಲ್ ೧೪ರಂದು ಮುಂಬಯಿ ಬಂದರಿನಲ್ಲಿ 'ಫೋರ್ಟ್ ಸ್ಟೈಕೀನ್' ಹಡಗು ಸ್ಫೋಟಗೊಂಡು ಸುತ್ತಲ ಪ್ರದೇಶ ಹೊತ್ತಿ ಉರಿದಾಗ, ಈ ಸಂಸ್ಥೆಯ ತಿಜೋರಿಗಳಲ್ಲಿದ್ದ ಕಾಗದಪತ್ರಗಳು ಉಳಿದುಬಂದವು. ಅದನ್ನು ನೋಡಲು ಅರ್ದೇಶಿರ್ ಇರಲಿಲ್ಲ.

ಸ್ವದೇಶಿ ವಿಚಾರ

ಅರ್ದೇಶಿರ್ ಸ್ವದೇಶಿಯ ಪಕ್ಷಪಾತಿಗಳು. ತಿಲಕ್ ಸ್ವರಾಜ್ ನಿಧಿಗೆ ೩ ಲಕ್ಷ ರೂಪಾಯಿ ದಾನವಿತ್ತರು. ಆದರೆ ಕಳಪೆಯಾದರೂ ದೇಶದ ವಸ್ತುವೆಂದು ಕೊಳ್ಳಬೇಕೆಂಬ ವಾದವನ್ನು ಅವರು ಒಪ್ಪುತ್ತಿರಲಿಲ್ಲ. ಪ್ರಾಣಿಗಳ ಕೊಬ್ಬನ್ನು ಬಳಸದೆ ಸಸ್ಯಜನ್ಯ ಎಣ್ಣೆಯಿಂದ ಸಾಬೂನು ತಯಾರಿಸಿದ ಮೊದಲಿಗರಲ್ಲಿ ಅವರೂ ಒಬ್ಬರು. ಮೊದಲ ಸಾಬೂನಿಗೆ ಇಟ್ಟ ಹೆಸರು 'ಚಾವಿ', ಅಂದರೆ ಕೀಲಿಕೈ.

ಕೊನೆಯ ದಿನಗಳು

೧೯೨೮ರಲ್ಲಿ ಉದ್ಯಮವನ್ನು ತಮ್ಮ ಪಿರೋಜ್‌ಶಾ ಅವರಿಗೆ ಒಪ್ಪಿಸಿ, ನಾಸಿಕದಲ್ಲಿ ಕೃಷಿಗೆ ತೊಡಗಿದರು. ಅದರಲ್ಲಿ ಹೇಳಿಕೊಳ್ಳುವಂಥ ಯಶಸ್ಸು ದೊರೆಯಲಿಲ್ಲ. ೧೯೩೬ರ ಜನವರಿಯಲ್ಲಿ ನಿಧನರಾದರು. ಸ್ವತಂತ್ರ ಭಾರತದ ಪ್ರಥಮ ಸಾರ್ವತ್ರಿಕ ಚುನಾವಣೆಗೆ (೧೯೫೧–೫೨) ಲಕ್ಷಗಟ್ಟಲೆ ಉಕ್ಕಿನ ಮತಪೆಟ್ಟಿಗೆಗಳನ್ನು ಅವರ ಸಂಸ್ಥೆಯು ಮುಂಬಯಿಯ ವಿಕ್ರೋಳಿಯಲ್ಲಿ ತಯಾರಿಸಿಕೊಟ್ಟಿತು.