ಧನ್ವಂತರಿ ರಸ್ತೆಯ ಗುಲಾಬಿ ಬಣ್ಣ

ಬೆಳಗಿನ ಏಳು ಗಂಟೆಗೆ ಮೈಸೂರಿನ ಧನ್ವಂತರಿ ರಸ್ತೆಯಲ್ಲಿ ಔಷಧಿ ಅಂಗಡಿಗಳ ಷಟರ್ ಇನ್ನೂ ಅರ್ಧಕ್ಕೇ ಏರಿರುತ್ತದೆ. ರಕ್ತಪರೀಕ್ಷೆಯ ಲ್ಯಾಬುಗಳ ಮುಂದೆ ಮಾತ್ರ ಆಗಲೇ ಚಪ್ಪಲಿಗಳ ಸಾಲು. ಒಳಗೆ ಬನ್ನಿ, ಗೋಡೆಬದಿಯ ಬೆಂಚಿನಲ್ಲಿ ಒಂಚೂರು ಜಾಗವಿದೆ. ಮೂಗಿಗೆ ಮೊದಲು ಬಡಿಯುವುದು ಸ್ಪಿರಿಟ್ಟಿನ ತಣ್ಣನೆಯ ವಾಸನೆ, ಅದರ ಹಿಂದೆಯೇ ಯಾರದೋ ಮುಡಿಯ ಮಲ್ಲಿಗೆ. ಎದುರಿನ ಹೋಟೆಲಿನ ಒಗ್ಗರಣೆ ಘಮ ತೇಲಿಬಂದರೆ ಸಾಕು, ರಾತ್ರಿಯಿಂದ ಏನೂ ತಿನ್ನದೆ ಕೂತವರೆಲ್ಲ ಒಮ್ಮೆ ಬಾಗಿಲ ಕಡೆ ನೋಡುತ್ತಾರೆ.

“ಕಾಫಿ ಕುಡಿದಿಲ್ಲ ತಾನೇ ಅಜ್ಜಿ?”

“ಒಂದು ಗುಟುಕು ನೀರು ಬಿಟ್ರೆ ಏನೂ ಇಲ್ಲ ಕಣವ್ವ.”

ಲ್ಯಾಬಿನ ಹುಡುಗಿ ಅಜ್ಜಿಯ ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಮುಷ್ಟಿ ಕಟ್ಟಿಸಿ, ಮೊಣಕೈ ಮಡಿಕೆಯಲ್ಲಿ ಬೆರಳಾಡಿಸಿ ನರ ಹುಡುಕುತ್ತಾಳೆ. ಕಣ್ಣಿಗಿಂತ ಬೆರಳನ್ನೇ ಹೆಚ್ಚು ನಂಬುವ ಕೆಲಸವಿದು. ಬೂದು ಮುಚ್ಚಳದ ಕೊಳವೆಗೆ ರಕ್ತ ಇಳಿದ ಮೇಲೆ ಅದನ್ನು ಮೆಲ್ಲಗೆ ಮೇಲೆ ಕೆಳಗೆ ಮಗುಚುತ್ತಾಳೆ, ತಳದಲ್ಲಿರುವ ಫ್ಲೋರೈಡ್ ಪುಡಿ ಬೆರೆಯಲೆಂದು. ಅದಿಲ್ಲದಿದ್ದರೆ ಕೊಳವೆಯೊಳಗೂ ಬದುಕಿರುವ ರಕ್ತಕಣಗಳು ಸಕ್ಕರೆ ತಿನ್ನುತ್ತಲೇ ಇದ್ದು ಲೆಕ್ಕ ತಗ್ಗಿಸಿಬಿಡುತ್ತವೆ.

ಗಾಜಿನ ಪರದೆಯಾಚೆ ಸೆಂಟ್ರಿಫ್ಯೂಜ್ ಗುಂಯ್‌ಗುಡುತ್ತಿದೆ. ಅದು ನಿಂತಾಗ ಕೆಂಪು ಕೆಳಗಿಳಿದು, ಮೇಲೆ ತಿಳಿಹಳದಿ ಪ್ಲಾಸ್ಮಾ ನಿಂತಿರುತ್ತದೆ. ಅದರಿಂದ 10 ಮೈಕ್ರೋಲೀಟರ್, ಅಂದರೆ ಒಂದು ಹನಿಗಿಂತಲೂ ಕಡಿಮೆ, 1,000 ಮೈಕ್ರೋಲೀಟರ್ ದ್ರಾವಣಕ್ಕೆ ಬೀಳುತ್ತದೆ. 37 ಡಿಗ್ರಿ ಬಿಸಿಯಲ್ಲಿ ಸ್ವಲ್ಪ ಹೊತ್ತು ಕಾದರೆ ನೀರಿನಂತಿದ್ದದ್ದು ನೋಡನೋಡುತ್ತಲೇ ಗುಲಾಬಿಯಾಗುತ್ತದೆ. ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಸಕ್ಕರೆಯನ್ನು ಉತ್ಕರ್ಷಿಸಿದಾಗ ಹುಟ್ಟಿದ ಹೈಡ್ರೋಜನ್ ಪೆರಾಕ್ಸೈಡನ್ನು ಬಳಸಿ ಇನ್ನೊಂದು ಕಿಣ್ವ ಬಣ್ಣ ಹುಟ್ಟಿಸಿದೆ. ಸಕ್ಕರೆ ಹೆಚ್ಚಿದಷ್ಟೂ ಬಣ್ಣ ಗಾಢ. ಅದರ ಮೂಲಕ 505 ನ್ಯಾನೊಮೀಟರಿನ ಹಸಿರು ಬೆಳಕು ಹಾಯಿಸಿ, ಎಷ್ಟು ಬೆಳಕು ಒಳಗೇ ಉಳಿಯಿತೆಂದು ಯಂತ್ರ ಅಳೆಯುತ್ತದೆ. ಖಾಲಿ ಹೊಟ್ಟೆಯಲ್ಲಿ ಡೆಸಿಲೀಟರಿಗೆ 100 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ನಿರಾಳ; 126 ಮುಟ್ಟಿದರೆ ಡಾಕ್ಟರು ಮತ್ತೊಮ್ಮೆ ಪರೀಕ್ಷೆ ಬರೆಯುತ್ತಾರೆ.

ಬೆಂಚಿನ ತುದಿಯ ಮೇಷ್ಟ್ರ ಜೇಬಿನಲ್ಲಿರುವ ಗ್ಲುಕೋಮೀಟರಿಗೆ ಈ ಬಣ್ಣದ ಹಂಗಿಲ್ಲ. ಪಟ್ಟಿಯ ತುದಿಗೆ ಬೆರಳಿನ ರಕ್ತ ತಾಗಿಸಿದೊಡನೆ ಕಿಣ್ವ ಸಕ್ಕರೆಯಿಂದ ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುತ್ತದೆ, ನಡುವೆ ನಿಂತ ಇನ್ನೊಂದು ರಾಸಾಯನಿಕ ಅವನ್ನು ಎಲೆಕ್ಟ್ರೋಡಿಗೆ ದಾಟಿಸುತ್ತದೆ, ಹರಿದ ಆ ಚೂರು ಕರೆಂಟೇ ಕೆಲವೇ ಸೆಕೆಂಡಿನಲ್ಲಿ ಅಂಕಿಯಾಗುತ್ತದೆ. ಇದರ ಬೇರು 1962ರಲ್ಲಿ ಅಮೆರಿಕದ ಲೀಲೆಂಡ್ ಕ್ಲಾರ್ಕ್ ಆಮ್ಲಜನಕದ ಎಲೆಕ್ಟ್ರೋಡಿಗೆ ಕಿಣ್ವ ಜೋಡಿಸಿದ ಯೋಚನೆಯಲ್ಲಿದೆ. 1970ರ ಹೊತ್ತಿಗೆ ಬಂದ ಮೊದಲ ಮೀಟರು ಮಾತ್ರ ಬೆಳಕಿನದು, ಕಿಲೋಗೂ ಮೀರಿದ ತೂಕದ್ದು. ಕರೆಂಟು ಅಳೆಯುವ ಪೆನ್ನಿನಾಕಾರದ ಮೀಟರು ಬಂದದ್ದು 1987ರಲ್ಲಿ. ಲ್ಯಾಬಿನ ಯಂತ್ರವಿರಲಿ, ಜೇಬಿನ ಮೀಟರಿರಲಿ, ನೂರಾರು ಅಣುಗಳ ಜಾತ್ರೆಯಲ್ಲಿ ಸಕ್ಕರೆಯ ಗುರುತು ಹಿಡಿಯುವುದು ಕಿಣ್ವವೇ. ನನ್ನ ಗೌರವವೆಲ್ಲ ಅದಕ್ಕೆ. ಗ್ಲೂಕೋಸ್ ಆಕ್ಸಿಡೇಸನ್ನು ಹೆಚ್ಚಾಗಿ ತೆಗೆಯುವುದೂ ಆಸ್ಪರ್ಜಿಲ್ಲಸ್ ನೈಜರ್‌ನಿಂದ, ನಾವು ಅಡುಗೆಮನೆಯಲ್ಲಿ ಒರೆಸಿ ಎಸೆಯುವ, ಹಳೆಯ ಈರುಳ್ಳಿಯ ಮೇಲಿನ ಕಪ್ಪು ಬೂಸ್ಟಿನಿಂದ.

ಇದೇ ಊರಿನಲ್ಲಿ, ರೈಲು ನಿಲ್ದಾಣದಾಚೆ, ಚೆಲುವಾಂಬ ಅರಮನೆಯಲ್ಲಿ 1950ರಿಂದ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ, ಸಿಎಫ್‌ಟಿಆರ್‌ಐ, ಇದೆ. ಅಲ್ಲಿನ ಎಂ.ಎಸ್. ಠಾಕೂರ್, ಎನ್.ಜಿ. ಕಾರಂತ್ ಮತ್ತು ಸಂಗಡಿಗರು ಕಿಣ್ವದಿಂದ ಗುರುತು ಹಿಡಿಯುವ ಈ ವಿದ್ಯೆಯನ್ನು ರಕ್ತದಿಂದ ಊಟದ ತಟ್ಟೆಗೆ ತಂದರು, ಆಹಾರದಲ್ಲಿ ಉಳಿದ ಕೀಟನಾಶಕ ಹಿಡಿಯಲು ಸಂವೇದಕಗಳನ್ನು ಕಟ್ಟಿದರು. ನನಗೆ ಅಚ್ಚುಮೆಚ್ಚು 2007ರ ಅವರ ಕಾಫಿಯ ಕೆಲಸ. ಕೆಫೀನ್ ತಿಂದು ಬದುಕುವ ಸೂಡೊಮೊನಾಸ್ ಜಾತಿಯ ಬ್ಯಾಕ್ಟೀರಿಯಾವನ್ನು ತೆಳು ಪೊರೆಯ ಮೇಲೆ ಕಟ್ಟಿ, ಕ್ಲಾರ್ಕನ ಮಾದರಿಯ ಎಲೆಕ್ಟ್ರೋಡಿನ ಮೇಲೆ ಕೂರಿಸಿದರು. ಕಾಫಿ ತಾಗಿದೊಡನೆ ಅವು ಉಣ್ಣತೊಡಗಿ ಸುತ್ತಲಿನ ಆಮ್ಲಜನಕ ಎಳೆದುಕೊಳ್ಳುತ್ತವೆ, ಕರೆಂಟು ಇಳಿಯುತ್ತದೆ. ಎಷ್ಟು ಇಳಿಯಿತೋ ಅದರಿಂದ ಕೆಫೀನ್ ಎಷ್ಟೆಂದು ಸುಮಾರು 3 ನಿಮಿಷದಲ್ಲಿ ಗೊತ್ತಾಗುತ್ತದೆ.