ಗ್ರೀಕರ ಆಕರಗಳು: ಮುದ್ರಿತ ಪಾಠವೂ ಮೂಲಪತ್ರವೂ

ಪ್ರಾಚೀನ ಗ್ರೀಕರ ಚರಿತ್ರೆಯನ್ನೂ ಸಾಹಿತ್ಯವನ್ನೂ ಮೂಲದಿಂದಲೇ ವ್ಯಾಸಂಗಮಾಡಬೇಕೆಂಬ ಅಪೇಕ್ಷೆಯುಳ್ಳವನಿಗೆ ಐವತ್ತು ವರ್ಷಗಳ ಹಿಂದೆ ಪುಸ್ತಕಗಳು ದೊರೆಯುವುದೇ ದೊಡ್ಡ ತೊಡಕಾಗಿತ್ತು. ಪರಿಷ್ಕೃತ ಗ್ರಂಥಗಳು, ಶಾಸನಸಂಪುಟಗಳು, ನಿಘಂಟುಗಳು ಒಂದೆಡೆ ಸೇರಿರುವ ಭಂಡಾರವನ್ನು ಆತನು ದೂರದೇಶಗಳಲ್ಲಿ ಅರಸಬೇಕಾಗಿತ್ತು. ಈಗ ಆ ತೊಡಕು ಬಹುಮಟ್ಟಿಗೆ ತೀರಿದೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಅರ್ವೈನ್ ಶಾಖೆಯಲ್ಲಿ 1972ರಲ್ಲಿ ಆರಂಭವಾದ ‘ಥಿಸಾರಸ್ ಲಿಂಗ್ವೆ ಗ್ರೀಕೆ’ ಎಂಬ ಸಂಗ್ರಹವು ಹೋಮರನಿಂದ ಮೊದಲುಗೊಂಡು 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರವು ತುರುಕರ ವಶವಾಗುವವರೆಗಿನ ಗ್ರೀಕ್ ವಾಙ್ಮಯದ ಬಹುಭಾಗವನ್ನು ಗಣಕಯಂತ್ರದಲ್ಲಿ ಅಡಕಗೊಳಿಸಿದೆ. ಟಫ್ಟ್ಸ್ ವಿಶ್ವವಿದ್ಯಾನಿಲಯದ ‘ಪರ್ಸಿಯಸ್’ ಎಂಬ ಭಂಡಾರದಲ್ಲಿ ಮೂಲವನ್ನು ಓದುತ್ತಿರುವಾಗಲೇ ಯಾವ ಪದವನ್ನು ಒತ್ತಿದರೂ ಅದರ ವಿಭಕ್ತಿ, ಲಿಂಗ, ವಚನಗಳ ನಿರ್ಣಯವೂ ಲಿಡೆಲ್ ಮತ್ತು ಸ್ಕಾಟರ ನಿಘಂಟಿನ ಅರ್ಥವೂ ಒಡನೆಯೇ ದೊರೆಯುತ್ತವೆ. ಇದಕ್ಕೆ ಶುಲ್ಕವೂ ಇಲ್ಲ. ಶಿಲಾಶಾಸನಗಳಿಗೂ ಪಪೈರಸ್ ಪತ್ರಗಳಿಗೂ ಇಂಥವೇ ಬೇರೆ ಬೇರೆ ಸಂಗ್ರಹಗಳಿವೆ.

ಇವುಗಳ ಉಪಕಾರವು ಎಷ್ಟು ದೊಡ್ಡದೋ ಇವುಗಳಿಂದ ಹುಟ್ಟಬಹುದಾದ ಭ್ರಾಂತಿಯೂ ಅಷ್ಟೇ ದೊಡ್ಡದು. ತೆರೆಯ ಮೇಲೆ ಮೂಡುವ ಪಾಠವು ಸೋಫೋಕ್ಲೀಸನು ಬರೆದ ಪಾಠವಲ್ಲ. ಒಬ್ಬ ಪರಿಷ್ಕರ್ತನು ಹಲವು ಓಲೆಗಳನ್ನು ತೂಗಿನೋಡಿ ನಿರ್ಣಯಿಸಿದ ಪಾಠ. ಅಚ್ಚಿನ ಪುಸ್ತಕದಲ್ಲಾದರೋ ಪುಟದ ಅಡಿಯಲ್ಲಿ ಪಾಠಾಂತರಗಳ ಸಾಲೊಂದು ಇರುತ್ತದೆ. ಓದುಗನಿಗೆ ಕಣ್ಣುಹಾಯಿಸುವ ತಾಳ್ಮೆ ಇದ್ದರೆ ಸಂದೇಹವೆಲ್ಲಿದೆಯೆಂದು ತಿಳಿಯುತ್ತದೆ. ಮೇಲೆ ಹೇಳಿದ ಅರ್ವೈನ್ ಸಂಗ್ರಹದಲ್ಲಿ ಒಂದು ಗ್ರಂಥಕ್ಕೆ ಸಾಮಾನ್ಯವಾಗಿ ಒಂದೇ ಆವೃತ್ತಿಯನ್ನು ಆರಿಸಿಕೊಂಡು, ಆ ಅಡಿಸಾಲನ್ನು ಬಿಟ್ಟಿದ್ದಾರೆ. ಪರ್ಸಿಯಸ್‌ನ ಆವೃತ್ತಿಗಳೂ ಭಾಷಾಂತರಗಳೂ ಹಲವು ಕಡೆ ಹಕ್ಕುಸ್ವಾಮ್ಯ ತೀರಿದ ಹಳೆಯವು. ಸಂದೇಹದ ಗುರುತು ಅಳಿಸಿಹೋದೊಡನೆ ಸಂದೇಹವೇ ಇಲ್ಲವೆಂದು ಓದುಗನು ತಿಳಿಯುವುದು ಸಹಜ.

ಗ್ರೀಕರ ಗ್ರಂಥಗಳು ನಮ್ಮವರೆಗೆ ಬಂದಿರುವ ಬಗೆಯನ್ನು ನೆನೆದರೆ ಈ ಎಚ್ಚರಿಕೆಯ ಅಗತ್ಯವು ಮನಗಾಣುತ್ತದೆ. ಬಹುಪಾಲು ಗ್ರಂಥಗಳು ಮಧ್ಯಯುಗದ ಲಿಪಿಕಾರರ ಪ್ರತಿಗಳಲ್ಲಿ ಉಳಿದವು. ಕೆಲವು ಮಾತ್ರ ಈಜಿಪ್ಟಿನ ಒಣಮಣ್ಣಿನಿಂದ ಮೇಲೆದ್ದವು. ಅರಿಸ್ಟಾಟಲನದೆಂದು ಹೇಳುವ ಅಥೆನ್ಸಿನ ರಾಜ್ಯಪದ್ಧತಿಯನ್ನು ಕುರಿತ ಗ್ರಂಥವು ಹೀಗೆ ದೊರೆತು 1891ರಲ್ಲಿ ಅಚ್ಚಾಯಿತು, ಕ್ರಿ. ಶ. 78-79ರ ಒಂದು ಜಮೀನಿನ ಲೆಕ್ಕಪತ್ರಗಳ ಬೆನ್ನಿನ ಮೇಲೆ ಅದನ್ನು ಬರೆದಿದ್ದರು. ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಆಕ್ಸ್‌ಫರ್ಡಿನ ಇಬ್ಬರು ವಿದ್ವಾಂಸರು 1896-97ರಲ್ಲಿಯೂ ಮತ್ತೆ 1903ರಿಂದ 1907ರವರೆಗೂ ಆಕ್ಸಿರಿಂಕಸ್ ಎಂಬ ಹಾಳೂರಿನ ಕಸದ ದಿಬ್ಬಗಳನ್ನು ಅಗೆಸಿದರು. ಅಲ್ಲಿ ದೊರೆತ ತುಂಡುಗಳು ಐದು ಲಕ್ಷದಷ್ಟೆಂದು ಅಂದಾಜು. ಅವುಗಳಲ್ಲಿ ಹೆಚ್ಚಿನವು ಗುತ್ತಿಗೆಯ ಕರಾರು, ತೆರಿಗೆಯ ರಸೀದಿ, ಮಗನಿಗೆ ತಂದೆ ಬರೆದ ಕಾಗದ ಮೊದಲಾದ ದಿನದಿನದ ಬರಹಗಳು, ಕಾವ್ಯನಾಟಕಗಳು ಕಡಮೆ. 2011ರಲ್ಲಿ ಇವುಗಳ ಛಾಯಾಚಿತ್ರಗಳನ್ನು ಸಾರ್ವಜನಿಕರ ಮುಂದಿಟ್ಟು, ಗ್ರೀಕ್ ಬಾರದವರಿಂದಲೂ ಅಕ್ಷರಗಳನ್ನು ಗುರುತಿಸಿಕೊಳ್ಳುವ ಉದ್ಯಮವೊಂದು ಆರಂಭವಾಯಿತು.

ಇಂಥ ತುಂಡುಗಳನ್ನು ಅಚ್ಚುಮಾಡುವಾಗ ಅನುಸರಿಸಬೇಕಾದ ಸಂಕೇತಗಳನ್ನು 1931ರಲ್ಲಿ ಲೈಡನ್ ನಗರದಲ್ಲಿ ಸೇರಿದ ವಿದ್ವಾಂಸರು ಗೊತ್ತುಪಡಿಸಿದರು. ಚೌಕ ಕಂಸದೊಳಗಿನ ಅಕ್ಷರಗಳು ಮೂಲದಲ್ಲಿ ನಷ್ಟವಾಗಿ ಸಂಪಾದಕನು ತುಂಬಿದವು. ಕೆಳಗೆ ಚುಕ್ಕೆಯಿರುವ ಅಕ್ಷರವು ಅಸ್ಪಷ್ಟ. ದುಂಡು ಕಂಸದೊಳಗಿನದು ಸಂಕ್ಷೇಪದ ಬಿಡಿಸುವಿಕೆ. ಕರ್ನಾಟಕದ ಶಾಸನಗಳನ್ನು ಓದಿ ಅಭ್ಯಾಸವಾದವರಿಗೆ ಇದು ಹೊಸತಲ್ಲ. ಕಲ್ಲಿನ ಅಚ್ಚುಪ್ರತಿಯನ್ನು ನೋಡದೆ ಮುದ್ರಿತ ಪಾಠವೊಂದರಿಂದಲೇ ರಾಜನ ಹೆಸರನ್ನು ಸಾಧಿಸಹೊರಟು ಮುಗ್ಗರಿಸಿದವರ ಕಥೆಗಳು ನಮ್ಮಲ್ಲಿಯೂ ಉಂಟು.

ಮೂಲಪತ್ರವನ್ನು ಬಿಟ್ಟು ಮುದ್ರಿತ ಪಾಠದ ಮೇಲೆ ಎಷ್ಟು ಭಾರ ಹೊರಿಸಬಹುದೆಂಬುದಕ್ಕೆ ಕನ್ನಡಿಗರಿಗೆ ಬಹು ಸಮೀಪದ ನಿದರ್ಶನವೊಂದಿದೆ. ಆಕ್ಸಿರಿಂಕಸ್ಸಿನ 413ನೆಯ ಪತ್ರವನ್ನು ಗ್ರೆನ್‌ಫೆಲ್ ಮತ್ತು ಹಂಟರು 1903ರಲ್ಲಿ ತಮ್ಮ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದರು. ಅದರ ಲಿಪಿಯು ಕ್ರಿ. ಶ. ಎರಡನೆಯ ಶತಮಾನದ್ದು. ಅದರಲ್ಲಿರುವುದು ಒಂದು ಪ್ರಹಸನ. ಖಾರಿತಿಯೋನ್ (ಕನ್ನಡದಲ್ಲಿ ‘ಚಾರಿಷನ್’ ಎಂದೂ ಬರೆಯುವುದುಂಟು) ಎಂಬ ಗ್ರೀಕ್ ತರುಣಿಯು ಹಿಂದೂದೇಶದ ಕಡಲತೀರದಲ್ಲಿ ಪರರ ವಶವಾಗಿ ಒಂದು ದೇವಾಲಯದಲ್ಲಿದ್ದಾಳೆ. ಅವಳ ಅಣ್ಣನೂ ನಾವಿಕರೂ ವಿದೂಷಕನೊಬ್ಬನೂ ಬಂದು, ನೀರು ಬೆರೆಸದ ಮದ್ಯವನ್ನು ಆ ದೇಶದ ರಾಜನಿಗೂ ಅವನ ಜನರಿಗೂ ಕುಡಿಸಿ, ಮತ್ತರಾದ ಅವರನ್ನು ವಂಚಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಯೂರಿಪಿಡೀಸನ ಇಫಿಜೀನಿಯಳ ಕಥೆಯನ್ನು ಹಾಸ್ಯಕ್ಕೆ ಇಳಿಸಿದಂತಿದೆ. ರಾಜನೂ ಅವನ ಪರಿವಾರವೂ ಆಡುವ ಮಾತು ಗ್ರೀಕ್ ಅಲ್ಲ. ಅದನ್ನು ಗ್ರೀಕ್ ಅಕ್ಷರಗಳಲ್ಲಿ ಬರೆದಿದೆ.

ಆ ಮಾತು ಕನ್ನಡವೆಂದು 1904ರಲ್ಲಿ ಹುಲ್ಟ್ಶ್ ಎಂಬ ಜರ್ಮನ್ ವಿದ್ವಾಂಸರು ಪ್ರತಿಪಾದಿಸಿದರು. ದಕ್ಷಿಣದ ಶಾಸನಗಳಲ್ಲಿ ಪಳಗಿದ ಅವರ ಮಾತಿಗೆ ತೂಕವಿತ್ತು. ‘ಬೆರೆ’ ಎಂಬಂತೆ ಓದಬಹುದಾದ ಪದದಲ್ಲಿ ‘ಬೇರೆ’ಯನ್ನೂ, ‘ಕೊನ್ಜೈ’ಯಲ್ಲಿ ‘ಕೊಂಚ’ವನ್ನೂ, ‘ದಮುನ್’ನಲ್ಲಿ ‘ಮಧು’ವನ್ನೂ, ‘ಪೆತ್ರೆಕಿಯೋ’ದಲ್ಲಿ ‘ಪಾತ್ರಕ್ಕೆ’ ಎಂಬುದನ್ನೂ, ಅದರ ಮುಂದಿನ ಪದದಲ್ಲಿ ‘ಹಾಕಿ’ ಎಂಬುದನ್ನೂ ಅವರು ಕಂಡರು. ಮೈಸೂರಿನ ಆರ್. ಶಾಮಶಾಸ್ತ್ರಿಗಳು ಈ ಮಾರ್ಗವನ್ನು ಮುಂದುವರಿಸಿದರು. 1926ರಲ್ಲಿ ಎಲ್. ಡಿ. ಬಾರ್ನೆಟ್ಟರು ಇದನ್ನು ಒಪ್ಪದೆ ಬರೆದರು. ಆ ಮಾತು ತುಳುವೆಂದು ಮತ್ತೆ ಕೆಲವರು ವಾದಿಸಿದ್ದಾರೆ. ವಾದವು ಇನ್ನೂ ತೀರಿಲ್ಲ. ಆದರೂ ಕನ್ನಡ ಪುಸ್ತಕಗಳಲ್ಲಿ ಇದು ಹಲವು ವೇಳೆ ಸಿದ್ಧಾಂತವಾಗಿಯೇ ಕಾಣಿಸಿಕೊಳ್ಳುತ್ತದೆ.

ಕಥೆಯ ಸಂದರ್ಭವು ಹುಲ್ಟ್ಶರ ಪಕ್ಷಕ್ಕೆ ಅನುಕೂಲವಾಗಿಯೇ ಇದೆಯೆಂಬುದನ್ನು ಅಲ್ಲಗಳೆಯಲಾಗದು. ಅದೇ ಶತಮಾನದ ಟಾಲೆಮಿಯು ತನ್ನ ಭೂಗೋಳದಲ್ಲಿ ಬನವಾಸಿಯನ್ನು ಹೆಸರಿಸಿದ್ದಾನೆ. ಈಜಿಪ್ಟಿನ ಹಡಗುಗಳು ಪಶ್ಚಿಮತೀರಕ್ಕೆ ಬರುತ್ತಿದ್ದವು. ಬಂದ ನಾವಿಕನ ಕಿವಿಗೆ ಇಲ್ಲಿನ ಮಾತು ಬಿದ್ದಿರಲೇಬೇಕು. ಆದರೆ ಸಾಧ್ಯತೆ ಬೇರೆ, ಸಿದ್ಧಿ ಬೇರೆ. ಗ್ರೀಕ್ ಪಪೈರಸ್ಸುಗಳಲ್ಲಿ ಪದಪದಗಳ ನಡುವೆ ಸಾಮಾನ್ಯವಾಗಿ ತೆರಪು ಬಿಡುವ ರೂಢಿಯಿಲ್ಲ. ಗ್ರೀಕ್ ವಾಕ್ಯವಾದರೆ ಭಾಷೆ ಬಲ್ಲ ಸಂಪಾದಕನು ಅದನ್ನು ಬಿಡಿಸಿಕೊಳ್ಳಬಲ್ಲನು. ಅರಿಯದ ಭಾಷೆಯ ಅಕ್ಷರಗಳ ಸಾಲನ್ನು ಎಲ್ಲಿ ಕತ್ತರಿಸಬೇಕೆಂಬುದಕ್ಕೆ ಅವನಿಗೆ ಆಧಾರವೇನು? ‘ಬೆರೆ’ಯನ್ನು ಬೇರೆಯಾಗಿ ನಿಲ್ಲಿಸಿದುದು ಅಚ್ಚಿನ ಪುಟ. ‘ದಮುನ್’ ಎಂಬುದು ‘ಮಧು’ವಾಗಬೇಕಾದರೆ ಅಕ್ಷರಗಳನ್ನು ಹಿಂದುಮುಂದು ಮಾಡಬೇಕಾಗುತ್ತದೆ.

ಇನ್ನೊಂದು ತೊಡಕು ಕನ್ನಡದ ಕಡೆಯಿಂದಲೇ ಬರುತ್ತದೆ. ‘ಪಾಲ್’ ‘ಹಾಲು’ ಆದಂತೆ ಪದಾದಿಯ ಪಕಾರವು ಹಕಾರವಾಗುವುದು ಶಾಸನಗಳಲ್ಲಿ ಸುಮಾರು ಹತ್ತನೆಯ ಶತಮಾನದಿಂದೀಚೆಗೆ ಕಾಣತೊಡಗುತ್ತದೆ. ಎರಡನೆಯ ಶತಮಾನದ ಕನ್ನಡಿಗನ ಬಾಯಲ್ಲಿ ‘ಹಾಕಿ’ ಎಂಬ ರೂಪವನ್ನಿಡುವುದು ಅವನಿಗೆ ಎಂಟು ಶತಮಾನಗಳ ಮುಂದಿನ ಭಾಷೆಯನ್ನು ಕಲಿಸಿದಂತೆ. ಅಂದಿನ ಕನ್ನಡ ಹೇಗಿತ್ತೆಂದು ಹೋಲಿಸಿನೋಡಲು ಸಾಮಗ್ರಿಯೂ ಇಲ್ಲ. ಹಲ್ಮಿಡಿಯ ಶಾಸನವು ಸುಮಾರು 450ರದು. ತಾಳಗುಂದದಲ್ಲಿ ದೊರೆತ ಶಾಸನವು 370ರ ಸುಮಾರಿನದೆಂದು ಎಣಿಸಿದರೂ ನಡುವಣ ಅಂತರವು ಎರಡು ಶತಮಾನಗಳಷ್ಟಾಗುತ್ತದೆ.

ಪತ್ರದ ಹಿಂಬದಿಯನ್ನೂ ಇಲ್ಲಿ ಗಮನಿಸಬೇಕು. ಅಲ್ಲಿ ಮತ್ತೊಂದು ಪ್ರಹಸನದ ಜೊತೆಗೆ ಖಾರಿತಿಯೋನಳ ನಾಟಕದ ಕೆಲವು ಸಾಲುಗಳೇ ತಿದ್ದಿದ ರೂಪದಲ್ಲಿ ಮತ್ತೆ ಬಂದಿವೆ. ಮುಂಬದಿಯಲ್ಲಿ ವಾದ್ಯ ಬಾರಿಸಬೇಕಾದ ಸ್ಥಳಗಳ ಗುರುತುಗಳಿವೆ. ಎಂದರೆ ಇದು ನಟರ ಕೈಪ್ರತಿ. ಈಜಿಪ್ಟಿನ ಪ್ರೇಕ್ಷಕರು ಪರಭಾಷೆಯ ಸದ್ದಿಗೆ ನಕ್ಕರೆ ನಟನಿಗೆ ಸಾಕಾಗಿತ್ತು. ಲಿಪಿಕಾರನಿಗೆ ಅದರ ಅರ್ಥ ತಿಳಿದಿರಬೇಕಾದ ಅವಶ್ಯಕತೆಯಿರಲಿಲ್ಲ. ಮಾತು ನಿಜವಾಗಿ ಕನ್ನಡವೇ ಆಗಿದ್ದರೂ ಕೈಯಿಂದ ಕೈಗೆ ಕೆಟ್ಟು ಬಂದಿರಬಹುದು. ಬರಿಯ ಸದ್ದೇ ಆಗಿದ್ದರೂ ಅಲ್ಲಲ್ಲಿ ಕನ್ನಡದಂತೆ ಕೇಳಿಸಬಹುದು.

ಆದರೂ ಈ ವಿಷಯವು ಕೇವಲ ಊಹೆಗೆ ಬಿಟ್ಟುದಲ್ಲ. ನಾಟಕದಲ್ಲಿಯೇ ಎರಡು ಕಡೆ, ಇವರೇನನ್ನುತ್ತಿದ್ದಾರೆಂದು ಒಬ್ಬ ಗ್ರೀಕನು ಕೇಳಲು ಮತ್ತೊಬ್ಬನು ಅರ್ಥ ಹೇಳುತ್ತಾನೆ: ಒಂದು ಕಡೆ ಪಾಲಿಗಾಗಿ ಚೀಟಿ ಎತ್ತೋಣವೆಂದು, ಮತ್ತೊಂದು ಕಡೆ ಬೇಗ ಕುಡಿಯಲು ಕೊಡೆಂದು. ಹೇಳುವವನೂ ಹಾಸ್ಯಕ್ಕಾಗಿ ಕಲ್ಪಿಸಿ ಹೇಳುತ್ತಿರಬಹುದಾದರೂ, ಪತ್ರದೊಳಗಿನ ಒರೆಗಲ್ಲು ಇದೊಂದೇ. ಕನ್ನಡವೆನ್ನುವವರಾಗಲಿ ತುಳುವೆನ್ನುವವರಾಗಲಿ ಮೊದಲು ಈ ಎರಡು ಸ್ಥಳಗಳ ಅಕ್ಷರಗಳನ್ನು ಚುಕ್ಕೆ ಕಂಸಗಳೊಡನೆ ಮೂಲದಿಂದ ಬರೆದುಕೊಂಡು, ಅಕ್ಷರವನ್ನು ಸ್ಥಳಾಂತರಿಸದೆ, ಆಯಾ ಅರ್ಥವನ್ನು ಅಲ್ಲಿ ತೋರಿಸಬೇಕಾಗಿದೆ. 1903ರ ಸಂಪುಟವು ಹಕ್ಕುಸ್ವಾಮ್ಯದ ಅವಧಿ ಮುಗಿದು, ಧಾರವಾಡದಲ್ಲಿ ಕುಳಿತವನಿಗೂ ಅಂತರ್ಜಾಲದಲ್ಲಿ ಪುಟಪುಟವಾಗಿ ತೆರೆದಿದೆ. ಮೂಲಪತ್ರವು ಆಕ್ಸ್‌ಫರ್ಡಿನ ಬಾಡ್ಲಿಯನ್ ಪುಸ್ತಕಭಂಡಾರದಲ್ಲಿದೆ.