ಲೆಕ್ಕಕ್ಕೆ ಸಿಗದ ನೀರು

ಮಳೆಗಾಲದಲ್ಲಿ ಪತ್ರಿಕೆ ಕೈಗೆ ಬಂದೊಡನೆ ನಮ್ಮಲ್ಲಿ ಅನೇಕರು ಹುಡುಕುವುದು ಜಲಾಶಯಗಳ ಪಟ್ಟಿಯನ್ನು. ಕೆಆರ್‌ಎಸ್ ಎಷ್ಟು ಅಡಿ, ಒಳಹರಿವು ಎಷ್ಟು, ಹೊರಹರಿವು ಎಷ್ಟು ಕ್ಯುಸೆಕ್? ಹೊಳೆದಂಡೆಯವರು ಗಂಟುಮೂಟೆ ಕಟ್ಟಬೇಕೋ ಬೇಡವೋ ಎಂಬುದನ್ನು ಆ ಅಂಕಿಗಳೇ ಹೇಳುತ್ತವೆ. ಹಿಮಾಲಯದ ಕಣಿವೆಗಳಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಬಹಳಷ್ಟು ನೀರು ಬೆಟ್ಟದ ನೆತ್ತಿಯ ಮೇಲೆ ಹಿಮವಾಗಿ ಕೂತಿರುತ್ತದೆ. ಅದಕ್ಕೆ ಅಣೆಕಟ್ಟೂ ಇಲ್ಲ, ಗೇಟೂ ಇಲ್ಲ.

2013ರ ಜೂನ್‌ನಲ್ಲಿ ಕೇದಾರನಾಥದಲ್ಲಿ ಹೀಗೆ ಕೂತಿದ್ದ ನೀರೇ ಮಳೆಯ ಜೊತೆಗೆ ಇಳಿದು ಬಂತು. ಮುಂಗಾರು ಇಡೀ ದೇಶವನ್ನು ಆವರಿಸುತ್ತಿದ್ದುದು ಆಗಿನ ವಾಡಿಕೆಯಂತೆ ಜುಲೈ ಮಧ್ಯಕ್ಕೆ. ಆ ವರ್ಷ ಜೂನ್ 16ಕ್ಕೇ ಆವರಿಸಿತು. ಪಶ್ಚಿಮದಿಂದ ಬಂದ ವಾಯುಭಾರದ ಸುಳಿಯೊಂದು ಅದರ ಜೊತೆಗೂಡಿತು. ಚೋರಾಬಾರಿ ಹಿಮನದಿಯ ಬಳಿ ಒಂದೇ ದಿನದಲ್ಲಿ 300 ಮಿ.ಮೀ.ಗೂ ಹೆಚ್ಚು ಮಳೆ ಸುರಿದಾಗ ಇಳಿಜಾರುಗಳಲ್ಲಿ ಚಳಿಗಾಲದ ಹಿಮ ಇನ್ನೂ ಉಳಿದಿತ್ತು.

ಮಳೆನೀರಿನ ಬಿಸಿಗೇ ಹಿಮ ಕರಗುತ್ತದೆ ಎಂದುಕೊಳ್ಳುತ್ತೇವೆ. ಲೆಕ್ಕ ಹಾಕಿದರೆ, 10 ಡಿಗ್ರಿ ಉಷ್ಣತೆಯ 100 ಮಿ.ಮೀ. ಮಳೆ ಕರಗಿಸುವುದು ಹೆಚ್ಚೆಂದರೆ 12–13 ಮಿ.ಮೀ. ನೀರಾಗುವಷ್ಟು ಹಿಮವನ್ನು. ಹೆಚ್ಚಿನ ಕೆಲಸ ಮಾಡುವುದು ಮಳೆಯೊಂದಿಗೆ ಬೀಸುವ ತೇವದ ಗಾಳಿ. ಅದರಲ್ಲಿರುವ ಒಂದು ಗ್ರಾಂ ಆವಿ ಹಿಮದ ಮೇಲೆ ನೀರಾಗಿ ಕೂತರೆ ಹೊಮ್ಮುವ ಶಾಖಕ್ಕೆ ಏಳು ಗ್ರಾಂಗೂ ಹೆಚ್ಚು ಹಿಮ ಕರಗಬಲ್ಲದು. ಮೊದಮೊದಲು ಹಿಮ ಹತ್ತಿಯಂತೆ ಮಳೆಯನ್ನು ಹೀರಿಕೊಳ್ಳುತ್ತದೆ. ನೆನೆದು ತುಂಬಿದ ಮೇಲೆ ಹೊಸ ಮಳೆಯನ್ನೂ ಹಳೆಯ ಚಳಿಗಾಲವನ್ನೂ ಒಟ್ಟಿಗೇ ಕೆಳಗೆ ಬಿಡುತ್ತದೆ.

ಕೇದಾರನಾಥದಲ್ಲಿ ಆ ನೀರು ಸೇರಿದ್ದು ಊರಿನಿಂದ ಸುಮಾರು ಎರಡು ಕಿ.ಮೀ. ಮೇಲಿದ್ದ ಚೋರಾಬಾರಿ ತಾಲ್ ಎಂಬ ಕೆರೆಗೆ. 1948ರಲ್ಲಿ ಗಾಂಧೀಜಿಯ ಚಿತಾಭಸ್ಮ ವಿಸರ್ಜಿಸಿದ್ದರಿಂದ ಗಾಂಧಿ ಸರೋವರ ಎಂದೂ ಅದಕ್ಕೆ ಹೆಸರು. ಹಿಮನದಿ ತಳ್ಳಿ ತಂದ ಕಲ್ಲುಮಣ್ಣಿನ ಸಡಿಲ ದಿಬ್ಬವೇ ಅದರ ಏರಿ. ಕೋಡಿ ಇರಲಿಲ್ಲ. ಕೋಡಿಯಿಲ್ಲದ ಕೆರೆ ತುಂಬಿದರೆ ಏನಾಗುತ್ತದೆಂದು ನಮ್ಮ ಹಳ್ಳಿಗಳಿಗೆ ಹೇಳಿಕೊಡಬೇಕಿಲ್ಲ. 16ರ ಸಂಜೆಯೇ ಊರಿಗೆ ಒಮ್ಮೆ ಪ್ರವಾಹ ನುಗ್ಗಿತ್ತು. 17ರ ಬೆಳಿಗ್ಗೆ ಏರಿ ಒಡೆದು, ಕೆರೆ ಕೆಲವೇ ನಿಮಿಷಗಳಲ್ಲಿ ಬರಿದಾಯಿತು. ಎರಡು ದಿನಗಳ ಈ ಪ್ರವಾಹದಲ್ಲಿ, ಕೆಳಗೆ ಯಾತ್ರಿಕರು ತಂಗುತ್ತಿದ್ದ ರಾಮ್‌ಬಾಡಾ ಅಳಿಸಿಹೋಯಿತು. ಉತ್ತರಾಖಂಡ ರಾಜ್ಯದಾದ್ಯಂತ ಸತ್ತವರು, ಮತ್ತೆ ಸಿಗದವರು ಸೇರಿ ಐದು ಸಾವಿರಕ್ಕೂ ಹೆಚ್ಚು ಮಂದಿ.

ಕೇದಾರನಾಥದ ಪ್ರಧಾನ ಅರ್ಚಕರಾದ ರಾವಲರ ಪರಂಪರೆ ಕರ್ನಾಟಕದ ವೀರಶೈವರದು. ಹಾಗಾಗಿ ಆ ಊರು ನಮಗೆ ದೂರದ್ದಲ್ಲ. ಪ್ರವಾಹದಲ್ಲಿ ದೇವಾಲಯದ ಹಿಂದೆ ಬಂದು ನಿಂತು ನೀರನ್ನು ಸೀಳಿದ ಬಂಡೆಗೆ ಭಕ್ತರು ಈಗಲೂ ಕೈಮುಗಿಯುತ್ತಾರೆ. ಕೈಮುಗಿದು ಎದ್ದವರು ಒಮ್ಮೆ ಪಕ್ಕಕ್ಕೆ ನೋಡಬೇಕು. ಮಂದಾಕಿನಿ ಹೊಳೆ ಹಿಂದೊಮ್ಮೆ ಬಿಟ್ಟುಹೋಗಿದ್ದ ಪೂರ್ವದ ಪಾತ್ರ ಅಲ್ಲಿದೆ. ಹೊಳೆ ಬತ್ತಿದೆಯೆಂದು ಅದರಲ್ಲಿ ಮನೆ, ವಸತಿಗೃಹ ಕಟ್ಟಿಕೊಂಡಿದ್ದರು. ಆ ದಿನ ಹೊಳೆ ತನ್ನ ಹಳೆಯ ದಾರಿಯಲ್ಲೇ ಬಂತು. ಬೆಟ್ಟದ ಮೇಲಿನ ಹಿಮವನ್ನು ಅಳೆಯುವುದು ಕಷ್ಟವಿರಬಹುದು. ಹೊಳೆಯ ಪಾತ್ರ ಕಣ್ಣೆದುರಿಗೇ ಇತ್ತು.